ದೇಶವ್ರತ ಮತ್ತು ಎಲ್ಲೆ ದಾಟುವ ಮಾತು

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ನಿಪ್ಪಾಣಿಯ ಶ್ರಾವಕನೊಬ್ಬನು ಹತ್ತು ದಿನ ಊರ ಎಲ್ಲೆ ದಾಟೆನೆಂದು ದೇಶವ್ರತ ಹಿಡಿದನೆನ್ನೋಣ. ಬಸದಿಯ ಕಟ್ಟೆಯಲ್ಲಿ ಕುಳಿತೇ ಅವನು ಮೊಬೈಲಿನಲ್ಲಿ ರಾಯಬಾಗದ ಬೆಲ್ಲದ ದರ ಕುದುರಿಸಿ, ಹಣವನ್ನೂ ರವಾನಿಸಿದರೆ ವ್ರತ ಉಳಿಯಿತೇ?

ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಆನಯನ, ಪ್ರೇಷ್ಯಪ್ರಯೋಗ, ಶಬ್ದಾನುಪಾತ, ರೂಪಾನುಪಾತ, ಪುದ್ಗಲಕ್ಷೇಪ. ಎಲ್ಲೆಯಾಚೆ ಕೆಲಸದಲ್ಲಿರುವವರಿಗೆ ಕೆಮ್ಮಿ ಸೂಚನೆ ಕೊಡುವುದೂ ಶಬ್ದಾನುಪಾತವೆಂದು ಪೂಜ್ಯಪಾದರ ಸರ್ವಾರ್ಥಸಿದ್ಧಿಯು ವಿವರಿಸುತ್ತದೆ. ಕೆಮ್ಮೇ ದೋಷವಾದರೆ ದೂರವಾಣಿಯ ಕರೆ ಹೇಗೆ ನಿರ್ದೋಷವಾದೀತು? ವಿಡಿಯೋ ಕರೆಯಂತೂ ರೂಪಾನುಪಾತವೇ.

1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ಆರಂಭವಾದಾಗ ದೂರವಾಣಿಯು ಮೇಜಿನ ಮೇಲಿತ್ತು. ಎದ್ದುಹೋದರೆ ಅದರಿಂದ ಬಿಡುಗಡೆಯಿತ್ತು. ಇಂದು ನಾಡೆಲ್ಲ ಗೋಪುರಗಳ ವಲಯಗಳಾಗಿ ಹಂಚಿಹೋಗಿದೆ. ಚಿಕ್ಕೋಡಿಯಿಂದ ಕಾಗವಾಡಕ್ಕೆ ಹೊರಟವನ ಕರೆಯನ್ನು ಒಂದು ಗೋಪುರ ಮತ್ತೊಂದಕ್ಕೆ ಒಪ್ಪಿಸುತ್ತದೆ. ಜೇಬಿನಲ್ಲಿ ಸುಮ್ಮನಿರುವ ಯಂತ್ರವೂ ಆಗಾಗ ತನ್ನ ನೆಲೆಯನ್ನು ಜಾಲಕ್ಕೆ ತಿಳಿಸುತ್ತಿರುತ್ತದೆ. ಯಂತ್ರಕ್ಕೆ ಊರ ಎಲ್ಲೆಯಿಲ್ಲ. ಅದನ್ನು ಹಾಕಿಕೊಳ್ಳಬೇಕಾದವನು ಶ್ರಾವಕನೇ.

ಹಾಗಾದರೆ ಅಥಣಿಯಲ್ಲಿ ಹಾಸಿಗೆ ಹಿಡಿದ ತಾಯಿಯ ಯೋಗಕ್ಷೇಮ ವಿಚಾರಿಸುವುದೂ ದೋಷವೇ? ವ್ರತವು ಕಟ್ಟಬೇಕಾದುದು ಲೋಭವನ್ನು, ಕರುಣೆಯನ್ನು ಅಲ್ಲ. ಆದರೂ ಕರುಣೆಯ ಕರೆಯೊಳಗೆ ವ್ಯಾಪಾರದ ಮಾತು ನುಸುಳುವುದು ಸುಲಭ. ಆದುದರಿಂದ ಸಂಕಲ್ಪ ಮಾಡುವಾಗಲೇ ಕಾಲಿನ ಎಲ್ಲೆಯೊಡನೆ ಮಾತಿನ ಎಲ್ಲೆಯನ್ನೂ, ಯಾರೊಡನೆ, ಯಾವುದಕ್ಕಾಗಿ ಎಂಬುದನ್ನೂ, ಹೇಳಿಕೊಳ್ಳುವುದು ಲೇಸು. ಮೊದಲೇ ಹೇಳಿಕೊಂಡ ವಿನಾಯಿತಿಯು ವ್ರತದೊಳಗಿನದು. ಅನಂತರ ಹುಡುಕಿಕೊಂಡದ್ದು ಬರಿಯ ನೆವ.