ಹೊರುವವರ ಮಾತು

2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್, 1973ರಿಂದ ಹೆಂಗಸರಿಗಿದ್ದ ಗರ್ಭಪಾತದ ಸಂವಿಧಾನಾತ್ಮಕ ಹಕ್ಕನ್ನು ತೆಗೆದುಹಾಕಿ, ತೀರ್ಮಾನವನ್ನು ಜನಪ್ರತಿನಿಧಿಗಳಿಗೆ ಬಿಟ್ಟಿತು. ಜನಪ್ರತಿನಿಧಿಗಳೆಂದರೆ ಯಾರು? ಸೌತ್ ಕೆರೊಲಿನಾದಲ್ಲಿ ನಡೆದದ್ದನ್ನು ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ.

ಆರು ವಾರ ಕಳೆದ ಮೇಲೆ ಗರ್ಭಪಾತ ಕೂಡದೆಂಬ ಅಲ್ಲಿನ ಕಾನೂನನ್ನು 2023ರ ಜನವರಿಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ 3–2 ಮತಗಳಿಂದ ರದ್ದುಪಡಿಸಿತು. ಮುಖ್ಯ ತೀರ್ಪು ಬರೆದವರು ಪೀಠದಲ್ಲಿದ್ದ ಒಬ್ಬರೇ ಮಹಿಳೆ, ನ್ಯಾಯಮೂರ್ತಿ ಕೇ ಹರ್ನ್. ಸ್ವಲ್ಪ ದಿನದಲ್ಲೇ ಅವರು ನಿವೃತ್ತರಾದರು. ಆ ಜಾಗಕ್ಕೆ ಗಂಡಸು ಬಂದರು. ಅತ್ತ ರಾಜ್ಯದ ಸೆನೆಟ್‌ನಲ್ಲಿ, ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸುವ ಮಸೂದೆಯೇ ಬಂತು.

46 ಸದಸ್ಯರ ಆ ಸಭೆಯಲ್ಲಿ ಆಗ ಹೆಂಗಸರು ಐವರು: ಮೂವರು ರಿಪಬ್ಲಿಕನ್, ಒಬ್ಬರು ಡೆಮಾಕ್ರಟ್, ಒಬ್ಬರು ಪಕ್ಷೇತರ. ಪಕ್ಷದ ಗೆರೆ ದಾಟಿ ಅವರು ಒಟ್ಟಾದರು, ಸರದಿಯಂತೆ ಎದ್ದುನಿಂತು ಗಂಟೆಗಟ್ಟಲೆ ಮಾತಾಡಿದರು. ಏಪ್ರಿಲ್‌ನಲ್ಲಿ 22–21 ಮತಗಳಿಂದ ಮಸೂದೆಗೆ ತಡೆ ಬಿತ್ತು. ಮೇ ತಿಂಗಳಲ್ಲಿ ಆರು ವಾರದ ಕಾನೂನು ಮತ್ತೆ ಅಂಗೀಕಾರವಾಯಿತು. ಈ ಸಲ ಗಂಡಸರಷ್ಟೇ ಇದ್ದ ನ್ಯಾಯಾಲಯ ಆಗಸ್ಟ್‌ನಲ್ಲಿ ಅದನ್ನು 4–1ರಿಂದ ಎತ್ತಿಹಿಡಿಯಿತು. ಆ ಮೂವರು ರಿಪಬ್ಲಿಕನ್ ಮಹಿಳೆಯರು 2024ರ ಜೂನ್‌ನಲ್ಲಿ ತಮ್ಮದೇ ಪಕ್ಷದ ಅಭ್ಯರ್ಥಿ ಆಯ್ಕೆಯಲ್ಲಿ ಸೋತು ಹೊರನಡೆದರು.

ಹಾಗೆಂದು ಹೆಣ್ಣಾಗಿ ಹುಟ್ಟಿದ ಮಾತ್ರಕ್ಕೆ ನಿಲುವೂ ಹುಟ್ಟಿಬಿಡುವುದಿಲ್ಲ. 2019ರಲ್ಲಿ ಅಲಬಾಮಾದ ಕಠಿಣ ನಿಷೇಧಕ್ಕೆ ಸಹಿ ಹಾಕಿದ ಗವರ್ನರ್ ಕೇ ಐವಿ ಹೆಂಗಸು. 2022ರ ತೀರ್ಪಿನ ಬಹುಮತದಲ್ಲಿ ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ಇದ್ದರು. ಇತ್ತ ಸೌತ್ ಕೆರೊಲಿನಾದಲ್ಲಿ ಮಸೂದೆಯನ್ನು ತಡೆದ 22 ಮತಗಳಲ್ಲಿ 17 ಗಂಡಸರವು. ಆ ಮೂವರು ರಿಪಬ್ಲಿಕನ್ ಮಹಿಳೆಯರೂ ಗರ್ಭಪಾತಕ್ಕೆ ಮಿತಿಯೇ ಬೇಡ ಎಂದವರಲ್ಲ.

ಹಾಗಿದ್ದರೆ ವ್ಯತ್ಯಾಸ ಎಲ್ಲಿ? ಸಭೆಯೊಳಗೆ ಬರುವ ತಿಳಿವಳಿಕೆಯಲ್ಲಿ. ಮುಟ್ಟು ಒಂದೆರಡು ವಾರ ತಡವಾಗುವಷ್ಟರಲ್ಲಿ ಆರು ವಾರ ಆಗಿಹೋಗಿರುತ್ತದೆ. ಬಸುರಿಯೆಂದು ಆಗಿನ್ನೂ ಗೊತ್ತಾಗದವರೂ ಇರುತ್ತಾರೆ. ಗಂಡಸು ಇದನ್ನು ಕೇಳಿ ಕಲಿಯಬೇಕು. ಕಲಿಯಲು ಆಗದ್ದೇನಲ್ಲ, ಆದರೆ ಹೇಳುವವರು ಅಲ್ಲಿರಬೇಕು, ಕೇಳುವ ಮನಸ್ಸೂ ಇರಬೇಕು.

ಜೀವದ ಬಗೆಗಿನ ಶ್ರದ್ಧೆ ದೊಡ್ಡದು. ಆದರೆ ಅದರ ಹೆಸರಲ್ಲಿ ಬರೆದ ಕಾನೂನಿನ ಭಾರವನ್ನು ಹೊರುವ ಮೈ ಬೇರೊಬ್ಬರದು. ಹೊರುವವರನ್ನು ಕೇಳದೆ ಹೊರಿಸಿದ್ದು ಬಹುಮತದಿಂದ ಕಾನೂನಾದೀತು, ನ್ಯಾಯವಾಗದು.