ಸೂರ್ಯ ಕಾಣದ ಭಾನುವಾರ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ ಎಂದು ಕೇಳಿದರೆ ಕಿಲೋಮೀಟರಿನಲ್ಲಿ ಹೇಳುವವರು ಕಡಿಮೆ. ‘ಹದಿನಾರು-ಹದಿನೇಳು ಗಂಟೆ’ ಅನ್ನುತ್ತಾರೆ. ನಡೆದೇ ಊರು ಸೇರುತ್ತಿದ್ದ ಕಾಲದಲ್ಲೂ ‘ಎರಡು ದಿನದ ದಾರಿ’ ಅನ್ನುತ್ತಿದ್ದರು. ದಾರಿಯನ್ನು ಹೊತ್ತಿನಿಂದ ಅಳೆಯುವ ರೂಢಿ ವಿಮಾನ ಬಂದ ಮೇಲೂ ಹೋಗಿಲ್ಲ.

ಕಿಲೋಮೀಟರಿನ ಕಥೆಯೂ ಸೋಜಿಗದ್ದೇ. ಗೋಡೆಯ ಭೂಪಟ ನೋಡಿದರೆ, ಪೆಸಿಫಿಕ್ ಸಾಗರ ದಾಟಿ ನೆಟ್ಟಗೆ ಹೋದರಾಯಿತು ಅನಿಸುತ್ತದೆ. ಮೇಜಿನ ಮೇಲೆ ಗ್ಲೋಬ್ ಇಟ್ಟುಕೊಂಡು, ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆದು ನೋಡಿ. ದಾರ ಸಾಗರದ ನಡುವೆ ನಿಲ್ಲುವುದೇ ಇಲ್ಲ. ಮೇಲಕ್ಕೆ ಜಾರಿ, ಚೀನಾ, ಸೈಬೀರಿಯಾ, ಅಲಾಸ್ಕಾಗಳ ಮೇಲೆ ಹಾದು ಕೆಳಗಿಳಿಯುತ್ತದೆ. ಎರಡೂ ಊರುಗಳ ರೇಖಾಂಶಗಳ ನಡುವೆ 160 ಡಿಗ್ರಿ ಅಂತರ. ಅಂದರೆ ಭೂಮಿಯ ಮುಖದ ಮೇಲೆ ಒಂದು, ಹೆಚ್ಚುಕಡಿಮೆ ಬೆನ್ನ ಮೇಲೆ ಇನ್ನೊಂದು. 13 ಡಿಗ್ರಿ ಅಕ್ಷಾಂಶದ ಊರಿನಿಂದ 38 ಡಿಗ್ರಿಯ ಊರಿಗೆ ಹೋಗಲು 71 ಡಿಗ್ರಿಯ ಹಿಮದವರೆಗೆ ಹತ್ತಿ ಇಳಿಯಬೇಕು. ಸುಮಾರು 14,000 ಕಿಲೋಮೀಟರಿನ ಆ ದಾರಿಯೇ ಎಲ್ಲಕ್ಕಿಂತ ಹತ್ತಿರದ್ದು. ಸುತ್ತು ಬಳಸಿದಂತೆ ಕಾಣುವುದೇ ನೇರ, ನೇರವಾಗಿ ಕಾಣುವುದೇ ಸುತ್ತು.

ವಿಮಾನವೇನೂ ದಾರ ಹಿಡಿದು ಹಾರುವುದಿಲ್ಲ. ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿ ದಾರಿ ಆರಿಸುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ಹಾರಾಟ ಶುರುಮಾಡಿದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಕಾಕ್‌ಪಿಟ್‌ನಲ್ಲಿದ್ದ ಎಲ್ಲರೂ ಹೆಂಗಸರೇ, ಬೋಯಿಂಗ್ 777 ಅನ್ನು ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ತಂದರು.

ಅವರು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟದ್ದು 9ನೇ ತಾರೀಕು ಶನಿವಾರ ರಾತ್ರಿ. ಇಲ್ಲಿ ಇಳಿದದ್ದು 11ರ ಸೋಮವಾರ, ಇನ್ನೂ ಬೆಳಕು ಹರಿಯುವ ಮುಂಚೆ. ಅಲ್ಲಿ ಚಕ್ರ ನೆಲ ಬಿಡುವಾಗ ಇಲ್ಲಿ ಆಗಲೇ ಭಾನುವಾರ ಬೆಳಗ್ಗೆ, ತಿಂಡಿಯ ಹೊತ್ತು. ಜನವರಿಯಲ್ಲಿ ಧ್ರುವದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ರಾತ್ರಿ ಹತ್ತಿದವರು ಕತ್ತಲಲ್ಲೇ ಧ್ರುವ ದಾಟಿ, ಆಚೆ ಬದಿಯ ಕತ್ತಲಿಗೆ ಇಳಿದುಕೊಂಡು ಬಂದರು. ಊಟ ಬಂತು, ಕಂಬಳಿ ಹೊದ್ದರು, ಸಿನಿಮಾ ನೋಡಿದರು. ಭಾನುವಾರದ ಸೂರ್ಯನನ್ನು ಮಾತ್ರ ನೋಡಲಿಲ್ಲ. ಐದು ದಿನ ದುಡಿದು ವಾರದ ಕೊನೆಗಾಗಿ ಕಾಯುವ ಎರಡು ಐಟಿ ಊರುಗಳ ನಡುವೆ ಒಂದಿಡೀ ಭಾನುವಾರ ಮಾಯ!

ಆದರೆ ಭೂಮಿಯ ಲೆಕ್ಕದಲ್ಲಿ ಮೋಸವಿಲ್ಲ. ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ ಎರಡೂವರೆಗೆ ಹೊರಟು ಹದಿನಾರು ಗಂಟೆ ಹಾರಿ, ಅಲ್ಲಿ ಇಳಿದು ಗಡಿಯಾರ ನೋಡಿ: ಅದೇ ದಿನ ಸಂಜೆ ಐದು. ಹದಿಮೂರೂವರೆ ಗಂಟೆ ಕೈಗೆ ಬಂದಿರುತ್ತದೆ. ಅದು ಬಳುವಳಿಯಲ್ಲ, ಕೈಗಡ. ಹಿಂತಿರುಗುವಾಗ ಪೈಸೆ ಬಿಡದೆ ವಸೂಲಾಗುತ್ತದೆ. ಜನವರಿಯ ಆ ಪ್ರಯಾಣಿಕರಲ್ಲಿ ಇಲ್ಲಿಂದ ಹೋಗಿದ್ದವರು ಕಳೆದುಕೊಂಡದ್ದು ಏನೂ ಇಲ್ಲ. ಹೋಗುವಾಗ ಪಡೆದದ್ದನ್ನು ಬರುವಾಗ ತೀರಿಸಿದರು, ಅಷ್ಟೇ.

ಹಾಗಾದರೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಲ್ಲೇ ಮನೆ ಮಾಡಿದವರು? ಅವರ ಹೆಸರಿನಲ್ಲಿ ಇಲ್ಲಿನ ಅರ್ಧ ದಿನ ಬಾಕಿ ಉಳಿದಿದೆ. ಊರಿಗೆ ಬಂದಾಗ ತೀರುತ್ತದೆ, ಮತ್ತೆ ವಿಮಾನ ಹತ್ತಿದರೆ ಹೊಸದಾಗಿ ಏರುತ್ತದೆ.