‘ಕಾಣಲಿಲ್ಲ’ ಎನ್ನುವ ಮುನ್ನ

ಮೈಸೂರಿನ ಜೆಎಲ್‌ಬಿ ರಸ್ತೆ, ಬೆಳಿಗ್ಗೆ ಒಂಬತ್ತೂವರೆ. ಕಚೇರಿಗೆ ಹೊರಟಿದ್ದ ನಾನು ಎಡಗಡೆ ಸಾಲಾಗಿ ನಿಂತ ಕಾರುಗಳಿಗೆ ಒತ್ತಿಕೊಂಡೇ ಸೈಕಲ್ ತುಳಿಯುತ್ತಿದ್ದೆ. ಹಿಂದಿನವರಿಗೆ ಅಡ್ಡಿಯಾಗಬಾರದು, ನಮ್ಮ ಪಾಡಿಗೆ ನಾವು ಅಂಚಿನಲ್ಲಿ ಹೋಗಿಬಿಡೋಣ ಎಂಬ ಲೆಕ್ಕ. ಇದ್ದಕ್ಕಿದ್ದಂತೆ ಒಂದು ಕಾರಿನ ಬಾಗಿಲು ತೆರೆಯಿತು. ಎರಡೂ ಬ್ರೇಕ್ ಒತ್ತಿದೆ. ಹ್ಯಾಂಡಲ್ಲಿನ ತುದಿ ಬಾಗಿಲಿಗೆ ಬಡಿಯಿತು, ಕ್ಯಾರಿಯರಿನಲ್ಲಿದ್ದ ಊಟದ ಡಬ್ಬಿ ರಸ್ತೆಗುರುಳಿತು. ಹಿಂದೆ ಬರುತ್ತಿದ್ದ ಸಿಟಿ ಬಸ್ಸು ಬುಸ್ಸೆಂದು ನಿಂತಿತು. ಕಾರಿನಿಂದ ಇಳಿದವರು ನನಗಿಂತ ಹೆಚ್ಚು ನಡುಗುತ್ತಿದ್ದರು. ‘ಕಾಣ್ಲಿಲ್ಲ ಸರ್, ನಿಜವಾಗ್ಲೂ ಕಾಣ್ಲಿಲ್ಲ’ ಎನ್ನುತ್ತಾ ಡಬ್ಬಿಯನ್ನು ತಾವೇ ಎತ್ತಿ, ಕರವಸ್ತ್ರದಲ್ಲಿ ಒರೆಸಿ ಕೊಟ್ಟರು.

ಅವರ ಮಾತನ್ನು ನಾನು ನಂಬಿದೆ. ಅಂಚಿಗೆ ಅಂಟಿಕೊಂಡು ಹೋಗುವುದು ಸೌಜನ್ಯ ಎಂದುಕೊಂಡಿದ್ದೆ. ಆದರೆ ಆ ಅಂಚಿನಲ್ಲೇ ಮರಳು, ಚಕ್ರ ಸಿಕ್ಕಿಕೊಳ್ಳುವ ಚರಂಡಿ ಜಾಲರಿ, ತೆರೆಯಲು ಕಾದಿರುವ ಬಾಗಿಲುಗಳು. ಅಂದಿನಿಂದ ನಿಂತ ಕಾರುಗಳಿಂದ ಒಂದು ಮೀಟರಿಗೂ ಹೆಚ್ಚು ಜಾಗ ಬಿಟ್ಟು, ಹಾವಿನಂತೆ ಒಳಗೂ ಹೊರಗೂ ಹೊರಳದೆ ನೇರ ಗೆರೆಯಲ್ಲಿ ಹೋಗುತ್ತೇನೆ. ಹಾಗೆ ಹೋದರೆ ಕಾರಿನೊಳಗಿದ್ದವರ ಕನ್ನಡಿಯಲ್ಲೂ ಇರುತ್ತೇನೆ, ಹಿಂದೆ ಬರುವವರ ಕಣ್ಣಲ್ಲೂ ಇರುತ್ತೇನೆ. ತಿರುಗುವ ಮೊದಲು ಹಿಂದೆ ನೋಡಿ, ಕೈ ಚಾಚಿ, ನಮ್ಮ ಮನಸ್ಸಿನಲ್ಲಿರುವುದನ್ನು ರಸ್ತೆಗೆ ತಿಳಿಸಿಬಿಡಬೇಕು.

ಇದಕ್ಕಿಂತ ದೊಡ್ಡ ಅಪಾಯ ಸರ್ಕಲ್ಲುಗಳಲ್ಲಿದೆ. ಸಿಗ್ನಲ್ಲಿನಲ್ಲಿ ನಿಂತ ಬಸ್ಸು, ಲಾರಿಗಳ ಎಡಗಡೆಯ ಸಂದಿಯಲ್ಲಿ ನುಸುಳಿ ಮುಂದೆ ಹೋಗುವ ಆಸೆ ಯಾರಿಗಿಲ್ಲ? ಚಾಲಕ ಕೂರುವುದು ಬಲಗಡೆ, ಎತ್ತರದಲ್ಲಿ. ಎಡ ಮಗ್ಗುಲಿಗೆ ಒತ್ತಿಕೊಂಡ ಸೈಕಲ್ ಅವರಿಗೆ ಕಾಣುವುದೇ ಇಲ್ಲ. ಹಸಿರು ದೀಪ ಬಂದು ಆ ವಾಹನ ಎಡಕ್ಕೆ ಹೊರಳಿದರೆ ನಮಗೆ ಜಾಗವೇ ಉಳಿಯದು. ವಾಹನದ ಕನ್ನಡಿಯಲ್ಲಿ ಚಾಲಕರ ಮುಖ ನಮಗೆ ಕಾಣದಿದ್ದರೆ ನಾವೂ ಅವರಿಗೆ ಕಾಣುತ್ತಿಲ್ಲ ಎಂದೇ ತಿಳಿದು ಹಿಂದೆ ನಿಲ್ಲಬೇಕು. ಅರ್ಧ ನಿಮಿಷ ತಡವಾದರೆ ಏನೂ ಕೆಡುವುದಿಲ್ಲ.

ಹಿಂದೆ ದೀಪವಿಲ್ಲದ ಸೈಕಲ್ಲನ್ನು ಪೊಲೀಸರು ಹಿಡಿಯುತ್ತಿದ್ದ ಕಾಲವಿತ್ತು. ಡೈನಮೋ ಕೆಟ್ಟರೆ ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ರಸ್ತೆಯಲ್ಲಿ ವಾಹನಗಳೇ ಕಡಿಮೆಯಿದ್ದಾಗ ಇಷ್ಟು ಶಿಸ್ತು. ರಸ್ತೆ ತುಂಬಿ ತುಳುಕುವ ಈಗ, ನಸುಕಿನಲ್ಲಿ ಹೋಟೆಲ್ ಕೆಲಸಕ್ಕೆ, ಪತ್ರಿಕೆ ಹಂಚಲು, ಕಾವಲು ಮುಗಿಸಿ ಮನೆಗೆ ಹೋಗುವ ಎಷ್ಟೋ ಸೈಕಲ್ಲುಗಳಿಗೆ ಹಿಂದೊಂದು ಕೆಂಪು ರಿಫ್ಲೆಕ್ಟರೂ ಇಲ್ಲ. ವ್ಯಾಯಾಮಕ್ಕೆಂದು ತುಳಿಯುವವರಿಗೆ ಹೆಲ್ಮೆಟ್, ಮಿನುಗುವ ದೀಪ ಎಲ್ಲವೂ ಇರುತ್ತವೆ. ಹೊಟ್ಟೆಪಾಡಿಗೆ ತುಳಿಯುವವರು ಕತ್ತಲಲ್ಲಿ ಕತ್ತಲಾಗಿಯೇ ಸಾಗುತ್ತಾರೆ. ನಮ್ಮ ಬೀದಿಯಲ್ಲಿ ಅಂಥವರಿದ್ದರೆ ಮಡ್‌ಗಾರ್ಡಿಗೆ ಹೊಳೆಯುವ ಪಟ್ಟಿಯೊಂದನ್ನು ಅಂಟಿಸಿಕೊಡುವುದು ನಮ್ಮಿಂದಾಗದ ಕೆಲಸವಲ್ಲ.

ಸೈಕಲ್ ಹಂಚುವುದರಲ್ಲಿ ನಮ್ಮ ನಾಡು ಹಿಂದೆ ಬಿದ್ದಿರಲಿಲ್ಲ. 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂತು. 2017ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲುಗಳು ಬೀದಿಗಿಳಿದವು. ಆದರೆ ಸೈಕಲ್ ಕೊಟ್ಟ ಮೇಲೆ ಅದು ಹೋಗಲು ದಾರಿಯನ್ನೂ ಕೊಡಬೇಕಲ್ಲ. ಪ್ರತ್ಯೇಕ ಪಥ ಬರುವವರೆಗೆ ಆ ದಾರಿಯನ್ನು ಕೊಡಬೇಕಾದವರು ಮೋಟಾರು ವಾಹನ ಓಡಿಸುವವರೇ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಹೊಡೆತಕ್ಕೆ ನಾಲ್ಕು ಪಟ್ಟು ಶಕ್ತಿ ಬರುತ್ತದೆ. ಅದನ್ನು ತಡೆಯಲು ಸೈಕಲ್ ಸವಾರನಿಗಿರುವುದು ಅಂಗಿ, ಚರ್ಮ, ಮೂಳೆ ಅಷ್ಟೇ.

ನೆದರ್ಲೆಂಡ್ಸ್‌ನವರ ಅಭ್ಯಾಸವೆಂದು ಹೆಸರಾದ ಒಂದು ರೂಢಿಯಿದೆ: ಕಾರಿನ ಬಾಗಿಲನ್ನು ಅದಕ್ಕೆ ದೂರದ ಕೈಯಿಂದ ತೆರೆಯುವುದು. ನಮ್ಮಲ್ಲಿ ಬಲಗಡೆ ಕೂತ ಚಾಲಕರು ಎಡಗೈ ಚಾಚಿದರೆ ಸಾಕು, ಮೈ ತಾನಾಗಿ ಹೊರಳುತ್ತದೆ, ಕಣ್ಣು ಕನ್ನಡಿಯತ್ತ, ಹಿಂದಿನ ರಸ್ತೆಯತ್ತ ಹೋಗುತ್ತದೆ. ಕಾಸು ಖರ್ಚಿಲ್ಲ, ಕಾಯ್ದೆ ಬೇಕಿಲ್ಲ.

ನನ್ನ ಊಟದ ಡಬ್ಬಿಯ ಮುಚ್ಚಳದಲ್ಲಿ ಅಂದಿನ ತಗ್ಗು ಇನ್ನೂ ಇದೆ. ದಿನವೂ ಅದನ್ನು ತೆರೆಯುವಾಗ ಬೆರಳಿಗೆ ತಾಗುತ್ತದೆ. ಅಷ್ಟರಲ್ಲೇ ಮುಗಿಯಿತಲ್ಲ ಎಂದು ನೆನೆಯುತ್ತೇನೆ. ಇಂದು ನೀವು ಕಾರಿನಿಂದ ಇಳಿಯುವಾಗ ದಯವಿಟ್ಟು ದೂರದ ಕೈಯಿಂದ ಬಾಗಿಲು ತೆರೆಯಿರಿ. ಅದೇ ಹೊತ್ತಿಗೆ ಯಾರದೋ ಮನೆಯ ಊಟದ ಡಬ್ಬಿ ಆ ದಾರಿಯಲ್ಲಿ ಬರುತ್ತಿರಬಹುದು.